ಮತ ಬಿದ್ದ ಊರು, ಮತ ಹಾಕಿದ ಮನುಷ್ಯ: ಯುರೋಪಿನ ತೀವ್ರ ಬಲಪಂಥದ ಚುನಾವಣಾ ನಕಾಶೆಯನ್ನು ಓದುವ ಕ್ರಮ

2025ರ ಫೆಬ್ರುವರಿ 23ರಂದು ಜರ್ಮನಿಯ ಸಂಸತ್ ಚುನಾವಣೆ ಮುಗಿದ ವಾರದಲ್ಲಿ, ಧಾರವಾಡದ ನನ್ನ ತರಗತಿಗೆ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ಒಂದು ನಕಾಶೆಯನ್ನು ತಂದು ತೋರಿಸಿದ. ಹಿಂದೆ ಪೂರ್ವ ಜರ್ಮನಿಯಾಗಿದ್ದ ಭಾಗ ಬಹುತೇಕ ಒಂದೇ ನೀಲಿಯಾಗಿತ್ತು; ಪಶ್ಚಿಮದಲ್ಲಿ ಕಪ್ಪು ಬಣ್ಣ ಹರಡಿ ಅಲ್ಲಲ್ಲಿ ಕೆಂಪು ಕಾಣುತ್ತಿತ್ತು. ನೀಲಿ ಎಂದರೆ ಎಎಫ್‌ಡಿ, ‘ಜರ್ಮನಿಗೊಂದು ಪರ್ಯಾಯ’ ಎಂಬ ಅರ್ಥದ ಹೆಸರಿನ, ವಲಸೆಯನ್ನು ವಿರೋಧಿಸುವ ಪಕ್ಷ. “ಈ ಪಕ್ಷಕ್ಕ ಓಟು ಹಾಕಿದವರೆಲ್ಲಾ ಪೂರ್ವದವರ ಅದಾರ ನೋಡ್ರಿ ಸರ್” ಎಂದು ಅವನು ತೀರ್ಮಾನವನ್ನೂ ಜೊತೆಗೇ ಕೊಟ್ಟುಬಿಟ್ಟ. ಆ ನಕಾಶೆಯನ್ನು ನೋಡಿದ ಯಾರಿಗಾದರೂ ಹಾಗೆಯೇ ಅನ್ನಿಸಬಹುದು. ಆದರೆ ಆ ಚುನಾವಣೆಯಲ್ಲಿ ಎಎಫ್‌ಡಿಗೆ ದೊರೆತದ್ದು ಶೇ 20.8ರಷ್ಟು, ಅಂದರೆ ಒಂದು ಕೋಟಿ ಮೂರು ಲಕ್ಷದಷ್ಟು ಮತಗಳು. ಅವುಗಳಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಬಿದ್ದದ್ದು ಪಶ್ಚಿಮದಲ್ಲಿ, ಏಕೆಂದರೆ ಜರ್ಮನಿಯ ಬಹುಪಾಲು ಜನ ವಾಸಿಸುವುದೇ ಅಲ್ಲಿ.

ಪೂರ್ವದಲ್ಲಿ ಆ ಪಕ್ಷದ ಮತಪ್ರಮಾಣ ಹೆಚ್ಚು, ಪಶ್ಚಿಮದಲ್ಲಿ ಆ ಪಕ್ಷದ ಮತದಾರರ ಸಂಖ್ಯೆ ಹೆಚ್ಚು. ಎರಡೂ ನಿಜ, ಆದರೆ ಎರಡೂ ಒಂದೇ ಮಾತಲ್ಲ. ನಕಾಶೆಯಲ್ಲಿ ಬಣ್ಣ ತುಂಬುವುದು ನೆಲಕ್ಕೆ. ಮತ ಹಾಕುವುದು ಮನುಷ್ಯರು. ಈ ಎರಡರ ನಡುವಿನ ಅಂತರದಲ್ಲಿ ಕಾಲು ಜಾರದಂತೆ ಇಂಥ ನಕಾಶೆಗಳನ್ನು ಓದುವುದು, ಸಾಧ್ಯವಾದರೆ ತಾವೇ ತಯಾರಿಸುವುದು ಹೇಗೆ ಎಂಬುದನ್ನು ರಾಜ್ಯಶಾಸ್ತ್ರ ಮತ್ತು ಭೂಗೋಳದ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ, ವಿದೇಶದ ಸುದ್ದಿ ಬರೆಯುವ ವರದಿಗಾರರಿಗಾಗಿ ಇಲ್ಲಿ ವಿವರಿಸುತ್ತೇನೆ. (ನಕ್ಷೆ ಎಂದೂ ಬರೆಯಬಹುದು. ಮುಂಬಯಿ ಪ್ರಾಂತದ ರೂಢಿಯಲ್ಲಿ ಬೆಳೆದ ನಮ್ಮ ಕಡೆಯ ಬಾಯಿಗೆ ನಕಾಶೆಯೇ ಹತ್ತಿರ.)

ಯಾವ ಪಕ್ಷ, ಯಾವ ವರ್ಷದ ಪಕ್ಷ

ಮೊದಲ ಕೆಲಸ, ಪಕ್ಷವನ್ನು ಗೊತ್ತುಮಾಡಿಕೊಳ್ಳುವುದು. ನಮ್ಮ ಪತ್ರಿಕೆಗಳಲ್ಲಿ ‘ಜನಪ್ರಿಯ’ ಎಂಬ ಮಾತು ಬಜೆಟ್ಟಿನ ಪುಕ್ಕಟೆ ಯೋಜನೆಗಳಿಗೆ ಅಂಟಿಕೊಂಡಿದೆ. ಹಾಗಾಗಿ ‘ಜನಪ್ರಿಯತಾವಾದಿ ಬಲಪಂಥ’ ಎಂದು ಬರೆದರೆ ಓದುಗರ ಮನಸ್ಸು ಅಕ್ಕಿ, ಬಸ್ಸು, ಕರೆಂಟಿನ ಕಡೆಗೆ ಹೊರಳುತ್ತದೆ. ‘ಪಾಪ್ಯುಲಿಸ್ಟ್’ ಎಂಬ ಮಾತನ್ನೇ ಇಟ್ಟುಕೊಳ್ಳುವುದು ವಾಸಿ. ಡಚ್ ರಾಜ್ಯಶಾಸ್ತ್ರಜ್ಞ ಕಾಸ್ ಮುಡ್ಡೆ ಅವರು ಕೊಟ್ಟಿರುವ ವ್ಯಾಖ್ಯೆ ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿದೆ. ಅದರ ಪ್ರಕಾರ ಪಾಪ್ಯುಲಿಸ್ಟ್ ತೀವ್ರ ಬಲಪಂಥದ ಪಕ್ಷದಲ್ಲಿ ಮೂರು ಗುಣಗಳು ಒಟ್ಟಿಗೆ ಇರಬೇಕು: ದೇಶವು ಆ ನೆಲದ ಮೂಲದವರಿಗಷ್ಟೇ ಸೇರಿದ್ದು, ಹೊರಗಿನವರು ಮತ್ತು ಹೊರಗಿನ ವಿಚಾರಗಳು ಅದಕ್ಕೆ ಅಪಾಯ ಎಂಬ ನಂಬಿಕೆ, ಸಮಾಜ ಕಟ್ಟುನಿಟ್ಟಾದ ಶಿಸ್ತಿನಲ್ಲಿರಬೇಕು, ಮೀರಿದವರಿಗೆ ಕಠಿಣ ಶಿಕ್ಷೆಯಾಗಬೇಕು ಎಂಬ ನಿಲುವು, ಪ್ರಾಮಾಣಿಕ ಜನಸಾಮಾನ್ಯರು ಒಂದು ಕಡೆ, ಕೆಟ್ಟುಹೋದ ಗಣ್ಯರು ಇನ್ನೊಂದು ಕಡೆ ಎಂದು ಲೋಕವನ್ನು ಎರಡಾಗಿ ನೋಡುವ ದೃಷ್ಟಿ. ಈ ಹೆಸರು ಭಾರತದ ಪಕ್ಷಗಳಿಗೆ ಹೊಂದುತ್ತದೆಯೇ ಎಂಬುದು ಬೇರೆಯೇ ಚರ್ಚೆ. ಈ ಬರಹದಲ್ಲಿ ನಮ್ಮ ನೆಲದಿಂದ ತೆಗೆದುಕೊಳ್ಳುವುದು ಅಳತೆಯ ಪಾಠಗಳನ್ನು ಮಾತ್ರ.

ಹೆಸರು ಒಂದೇ ಇದ್ದ ಮಾತ್ರಕ್ಕೆ ಪಕ್ಷವೂ ಅದೇ ಎಂದು ನಂಬಬಾರದು. ಎಎಫ್‌ಡಿ 2013ರಲ್ಲಿ ಹುಟ್ಟಿದ್ದು ಯೂರೋ ನಾಣ್ಯದ ವಿಚಾರದಲ್ಲಿ ತಕರಾರಿದ್ದ ಅರ್ಥಶಾಸ್ತ್ರಜ್ಞರ ಪಕ್ಷವಾಗಿ; ಆ ವರ್ಷ ಶೇ 4.7ರಷ್ಟು ಮತ ಪಡೆದು, ಸಂಸತ್ತಿಗೆ ಬೇಕಾದ ಶೇ 5ರ ಹೊಸ್ತಿಲನ್ನು ದಾಟಲಾಗದೆ ಹೊರಗುಳಿಯಿತು. 2015ರ ನಿರಾಶ್ರಿತರ ಪ್ರಶ್ನೆಯ ನಂತರ ಅದರ ಮಾತು ಬದಲಾಯಿತು, 2017ರಲ್ಲಿ ಶೇ 12.6 ಪಡೆದು ಒಳಗೆ ಬಂದಿತು. 2013ರ ನಕಾಶೆಯನ್ನೂ 2017ರ ನಕಾಶೆಯನ್ನೂ ಪಕ್ಕಪಕ್ಕದಲ್ಲಿಟ್ಟು ‘ಬೆಂಬಲ ಬೆಳೆದ ಪರಿ’ ಎಂದು ಶೀರ್ಷಿಕೆ ಕೊಡುವುದು ಅರ್ಧ ಸುಳ್ಳು. ಇಟಲಿಯ ಲೇಗಾ ಇನ್ನೂ ದೊಡ್ಡ ಉದಾಹರಣೆ. ‘ಉತ್ತರದ ಒಕ್ಕೂಟ’ ಎಂಬ ಹೆಸರಿನಲ್ಲಿ 1991ರಲ್ಲಿ ಕಟ್ಟಿದ ಆ ಪಕ್ಷ, ದಕ್ಷಿಣ ಇಟಲಿಯವರನ್ನು ಹೀಯಾಳಿಸಿಯೇ ಉತ್ತರದಲ್ಲಿ ಬೆಳೆದಿತ್ತು. 2018ರ ಚುನಾವಣೆಗೆ ಚಿಹ್ನೆಯಿಂದ ‘ಉತ್ತರ’ವನ್ನು ಕೈಬಿಟ್ಟು ಇಡೀ ದೇಶದ ಪಕ್ಷವಾಗಲು ಹೊರಟಿತು, 2019ರ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಶೇ 34ರಷ್ಟು ಮತ ಪಡೆಯಿತು. ಇಲ್ಲಿ ನಕಾಶೆ ಬದಲಾದದ್ದು ಮತದಾರರ ಮನಸ್ಸು ಬದಲಾದುದರಿಂದ ಮಾತ್ರವಲ್ಲ, ಪಕ್ಷವೇ ತನ್ನ ಊರನ್ನು ಬದಲಿಸಿದ್ದರಿಂದ.

ಘಟಕ ಮತ್ತು ಗಡಿ

ಎರಡನೆಯದು, ಯಾವ ಅಳತೆಯ ತುಂಡುಗಳಲ್ಲಿ ನೋಡಬೇಕೆಂಬ ಪ್ರಶ್ನೆ. ಇದು ತಾಂತ್ರಿಕ ವಿವರದಂತೆ ಕಾಣುತ್ತದೆ, ಆದರೆ ಇಡೀ ಫಲಿತಾಂಶವನ್ನೇ ಅಡಿಮೇಲು ಮಾಡಬಲ್ಲದು. 1979ರಲ್ಲಿ ಇಬ್ಬರು ಬ್ರಿಟಿಷ್ ಭೂಗೋಳಶಾಸ್ತ್ರಜ್ಞರು ಅಮೆರಿಕದ ಅಯೋವಾ ರಾಜ್ಯದ 99 ಕೌಂಟಿಗಳನ್ನು ಬೇರೆಬೇರೆ ರೀತಿಯಲ್ಲಿ ಗುಂಪು ಮಾಡಿ, ವೃದ್ಧರ ಪ್ರಮಾಣಕ್ಕೂ ರಿಪಬ್ಲಿಕನ್ ಪಕ್ಷದ ಮತಗಳಿಗೂ ಇರುವ ಸಹಸಂಬಂಧವನ್ನು (ಎರಡು ಅಂಕಿಗಳು ಒಟ್ಟಿಗೆ ಏರುತ್ತವೆಯೋ, ಒಂದು ಏರಿದಾಗ ಇನ್ನೊಂದು ಇಳಿಯುತ್ತದೆಯೋ ಎಂಬುದರ ಅಳತೆ) ಲೆಕ್ಕ ಹಾಕಿದರು. ಅಂಕಿ ಅಂಶ ಅವೇ, ಜನ ಅವರೇ. ಗುಂಪು ಮಾಡುವ ಗೆರೆಗಳನ್ನು ಮಾತ್ರ ಬದಲಿಸಿದಾಗ ಸಹಸಂಬಂಧವು ಹೆಚ್ಚುಕಡಿಮೆ ಋಣ ಒಂದರಿಂದ ಧನ ಒಂದರವರೆಗೆ ಎಲ್ಲಿಗೆ ಬೇಕಾದರೂ ಹೋಗಿ ನಿಲ್ಲುತ್ತಿತ್ತು.

ನಮ್ಮ ಕಡೆಯವರಿಗೆ ಇದನ್ನು ಅರ್ಥಮಾಡಿಸಲು ಅಯೋವಾ ಬೇಕಿಲ್ಲ. ಶಿಗ್ಗಾವಿ ಇರುವುದು ಹಾವೇರಿ ಜಿಲ್ಲೆಯಲ್ಲಿ, ಅದರ ಮತ ಎಣಿಕೆಯಾಗುವುದು ಧಾರವಾಡ ಲೋಕಸಭಾ ಕ್ಷೇತ್ರದಲ್ಲಿ. ಗದಗ, ರೋಣ, ಶಿರಹಟ್ಟಿಗಳು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತವೆ, ಅದೇ ಗದಗ ಜಿಲ್ಲೆಯ ನರಗುಂದ ಬಾಗಲಕೋಟೆಗೆ ಸೇರುತ್ತದೆ. ‘ಗದಗ ಜಿಲ್ಲೆಯ ಲೋಕಸಭಾ ಮತ’ ಎಂಬ ಅಂಕಿಯನ್ನು ಯಾರಾದರೂ ಕೊಟ್ಟರೆ, ಅದನ್ನು ವಿಧಾನಸಭಾ ಕ್ಷೇತ್ರಗಳಿಂದ ಕೂಡಿಸಿದ್ದೀರಾ ಎಂದು ಕೇಳದೆ ಮುಂದೆ ಹೋಗಬಾರದು. 2008ರ ಪುನರ್ವಿಂಗಡಣೆಗೆ ಮೊದಲು ಧಾರವಾಡ ಉತ್ತರ, ಧಾರವಾಡ ದಕ್ಷಿಣ ಎಂಬ ಲೋಕಸಭಾ ಕ್ಷೇತ್ರಗಳಿದ್ದವು; 2004ನ್ನೂ 2009ನ್ನೂ ಹೋಲಿಸುವವರು ಎರಡು ಬೇರೆ ನೆಲಗಳನ್ನು ಹೋಲಿಸುತ್ತಿರುತ್ತಾರೆ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ವಾರ್ಡುಗಳು 67 ಇದ್ದವು, 2021ರ ಚುನಾವಣೆಗೆ 82 ಆದವು. ಓಣಿ ಅದೇ, ವಾರ್ಡು ಬೇರೆ.

ಯುರೋಪಿಗೆ ಹೋದರೆ ಆಯ್ಕೆ ಇನ್ನೂ ಹೆಚ್ಚು. ಜರ್ಮನಿಯಲ್ಲಿ 16 ರಾಜ್ಯಗಳು, 299 ಕ್ಷೇತ್ರಗಳು, ಹತ್ತು ಸಾವಿರಕ್ಕೂ ಹೆಚ್ಚು ಸ್ಥಳೀಯ ಆಡಳಿತ ಘಟಕಗಳಿವೆ. ಫ್ರಾನ್ಸಿನಲ್ಲಿ ಕೊಮ್ಯೂನ್ ಎಂಬ ಊರುಮಟ್ಟದ ಘಟಕಗಳೇ ಸುಮಾರು 35 ಸಾವಿರ. ಮತಗಳೂ ಜನಗಣತಿಯ ವಿವರಗಳೂ ಎರಡೂ ಸಿಗುವ ಅತ್ಯಂತ ಸಣ್ಣ ಘಟಕವನ್ನು ಹಿಡಿಯಿರಿ, ಅದೇ ಲೆಕ್ಕವನ್ನು ಒಂದು ಮೆಟ್ಟಿಲು ಮೇಲಿನ ಘಟಕದಲ್ಲಿ ಮತ್ತೊಮ್ಮೆ ಮಾಡಿ. ಉತ್ತರ ಎರಡರಲ್ಲೂ ಒಂದೇ ಬಂದರೆ ಮುಂದುವರಿಯಬಹುದು. ಬೇರೆ ಬಂದರೆ ಆ ವ್ಯತ್ಯಾಸವೇ ನಿಮ್ಮ ಅಧ್ಯಯನದ ವಿಷಯ.

ಕಡತವನ್ನು ಕೈಗೆತ್ತಿಕೊಂಡಾಗ

ಜರ್ಮನಿಯ ಫಲಿತಾಂಶಗಳನ್ನು ಅಲ್ಲಿನ ಕೇಂದ್ರ ಚುನಾವಣಾಧಿಕಾರಿಯ ಕಚೇರಿ ಮುಕ್ತವಾಗಿ ಪ್ರಕಟಿಸುತ್ತದೆ. ಅಲ್ಲಿ ಪ್ರತಿಯೊಬ್ಬರಿಗೂ ಎರಡು ಮತ: ಮೊದಲನೆಯದು ಕ್ಷೇತ್ರದ ಅಭ್ಯರ್ಥಿಗೆ, ಎರಡನೆಯದು ಪಕ್ಷದ ಪಟ್ಟಿಗೆ. ಪಕ್ಷದ ಬೆಂಬಲವನ್ನು ಅಳೆಯುವವರು ಎರಡನೆಯ ಮತದ ಕಾಲಮನ್ನು ತೆಗೆದುಕೊಳ್ಳಬೇಕು. ಲಿಬ್ರೆ ಆಫೀಸಿನ ಲೆಕ್ಕದ ಹಾಳೆ ಮತ್ತು ಕ್ಯೂಜಿಐಎಸ್ ಎಂಬ, ನಕಾಶೆ ಬಿಡಿಸುವ ಉಚಿತ ತಂತ್ರಾಂಶ, ಇವೆರಡು ಸಾಧನಗಳು ಸಾಕು. ಮತಗಳ ಹಾಳೆಯನ್ನೂ ಗಡಿಗಳ ಕಡತವನ್ನೂ ಘಟಕದ ಸಂಕೇತಸಂಖ್ಯೆಯ ಮೂಲಕ ಜೋಡಿಸಿದರೆ ನಕಾಶೆ ತಯಾರು.

ಇಲ್ಲಿ ನನ್ನದೇ ಒಂದು ಫಜೀತಿಯನ್ನು ಹೇಳಬೇಕು. ಮೊದಲ ಸಲ ಜೋಡಿಸಿದಾಗ ಪೂರ್ವ ಜರ್ಮನಿ, ಬರ್ಲಿನ್ ಮತ್ತು ಪಶ್ಚಿಮದ ಮೂಲೆಯ ಸಾರ್‌ಲ್ಯಾಂಡ್ ಮಾತ್ರ ಬಣ್ಣ ತುಂಬಿಕೊಂಡು, ಉಳಿದ ಪಶ್ಚಿಮವೆಲ್ಲ ಖಾಲಿ ಉಳಿಯಿತು. ರಾಜಕೀಯ ಕಾರಣವೇನಿರಬಹುದೆಂದು ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಜರ್ಮನಿಯ ರಾಜ್ಯಗಳ ಸಂಕೇತಗಳು 01ರಿಂದ 16ರವರೆಗೆ ಇವೆ, ಸಾರ್‌ಲ್ಯಾಂಡ್ ಬಿಟ್ಟು ಪಶ್ಚಿಮದ ರಾಜ್ಯಗಳೆಲ್ಲ 01ರಿಂದ 09ರೊಳಗೆ ಬರುತ್ತವೆ. ಲೆಕ್ಕದ ಹಾಳೆ ಸಂಕೇತವನ್ನು ಸಂಖ್ಯೆಯೆಂದು ತಿಳಿದು ಮುಂದಿನ ಸೊನ್ನೆಯನ್ನು ನುಂಗಿಹಾಕಿತ್ತು. ಆ ಕಾಲಮನ್ನು ಅಕ್ಷರರೂಪದಲ್ಲೇ ತೆರೆಯಬೇಕು. ಫ್ರಾನ್ಸಿನ ಜಿಲ್ಲೆಗಳಿಗೂ ಇದೇ ಎಚ್ಚರಿಕೆ ಬೇಕು. ಅಲ್ಲಿ ಸೊನ್ನೆಯ ಜೊತೆಗೆ ಕಾರ್ಸಿಕಾ ದ್ವೀಪದ ಸಂಕೇತಗಳಲ್ಲಿ ಅಕ್ಷರಗಳೂ ಇವೆ.

ಅಂಚೆ ಮತಗಳು ಇನ್ನೊಂದು ಬಲೆ. ನಮ್ಮಲ್ಲಿ ಚುನಾವಣಾ ಆಯೋಗದ ನಮೂನೆ 20ರಲ್ಲಿ ಬೂತುವಾರು ಮತಗಳ ಕೊನೆಗೆ ಅಂಚೆ ಮತಗಳ ಒಂದು ಸಾಲು ಇರುತ್ತದೆ, ಅದು ಚಿಕ್ಕದು. ಜರ್ಮನಿಯಲ್ಲಿ 2021ರಲ್ಲಿ ಶೇ 47.3ರಷ್ಟು ಮತದಾರರು ಅಂಚೆಯ ಮೂಲಕವೇ ಮತ ಹಾಕಿದರು, ಅವುಗಳ ಎಣಿಕೆ ಪ್ರತ್ಯೇಕ ಅಂಚೆ ವಲಯಗಳಲ್ಲಿ ನಡೆಯಿತು. ಎಎಫ್‌ಡಿಯ ಮತದಾರರು ಅಂಚೆಗಿಂತ ಮತಗಟ್ಟೆಯನ್ನೇ ಹೆಚ್ಚು ನೆಚ್ಚುವವರಾದ್ದರಿಂದ, ಮತಗಟ್ಟೆಯ ಅಂಕಿಗಳನ್ನು ಮಾತ್ರ ಹಿಡಿದು ಓಣಿಯ ಮಟ್ಟದ ನಕಾಶೆ ಮಾಡಿದವರಿಗೆ ಆ ಪಕ್ಷ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸೊನ್ನೆ ಇರುವ ಕಡೆ ಬೆಂಬಲವೂ ಸೊನ್ನೆ ಎಂದು ಓದಬೇಡಿ. 2023ರಲ್ಲಿ ಬ್ರೆಮನ್ ರಾಜ್ಯದ ಚುನಾವಣೆಯಲ್ಲಿ ಎಎಫ್‌ಡಿಗೆ ಒಂದು ಮತವೂ ಇಲ್ಲ. ಕಾರಣ, ಪಕ್ಷದ ಎರಡು ಬಣಗಳು ಎರಡು ಪಟ್ಟಿ ಸಲ್ಲಿಸಿ, ಎರಡೂ ತಿರಸ್ಕೃತವಾಗಿದ್ದವು.

ಬಣ್ಣಗಳ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಶೇ 19.9 ತಿಳಿನೀಲಿ, ಶೇ 20.1 ಕಡುನೀಲಿ ಆದರೆ ಪಕ್ಕದ ಊರುಗಳ ನಡುವೆ ಇಲ್ಲದ ಕಂದಕ ಹುಟ್ಟುತ್ತದೆ. ತಂತ್ರಾಂಶ ತಾನಾಗಿ ಕೊಡುವ ವಿಭಾಗಗಳನ್ನು ಒಪ್ಪಿಕೊಳ್ಳದೆ ನೀವೇ ನಿಗದಿ ಮಾಡಿ, ಎಲ್ಲ ವರ್ಷಗಳಿಗೂ ಅವನ್ನೇ ಉಳಿಸಿಕೊಳ್ಳಿ.

ಛೇದದಲ್ಲಿ ಯಾರಿದ್ದಾರೆ

ಶೇಕಡಾವಾರು ಎಂಬುದು ಭಿನ್ನರಾಶಿ. ಮೇಲಿನ ಅಂಕಿಯನ್ನು ಎಲ್ಲರೂ ನೋಡುತ್ತಾರೆ, ಕೆಳಗಿನದನ್ನು ಕೆಲವರೇ ನೋಡುತ್ತಾರೆ. ಒಂದು ಊರಿನಲ್ಲಿ 1,000 ಮತದಾರರು ಇದ್ದಾರೆಂದು ಇಟ್ಟುಕೊಳ್ಳೋಣ. ಮೊದಲ ಚುನಾವಣೆಯಲ್ಲಿ 600 ಜನ ಬಂದು ಅವರಲ್ಲಿ 90 ಜನ ಒಂದು ಪಕ್ಷಕ್ಕೆ ಮತ ಹಾಕಿದರೆ ಅದರ ಪಾಲು ಶೇ 15. ಮುಂದಿನ ಚುನಾವಣೆಗೆ 450 ಜನ ಮಾತ್ರ ಬಂದು, ಆ 90 ಜನ ತಪ್ಪದೆ ಬಂದರೆ ಪಾಲು ಶೇ 20. ಒಬ್ಬ ಹೊಸ ಬೆಂಬಲಿಗನೂ ಇಲ್ಲದೆ ಪಕ್ಷ ‘ಮುನ್ನಡೆ’ ಸಾಧಿಸಿದಂತೆ ನಕಾಶೆ ತೋರಿಸುತ್ತದೆ. ನೋಂದಾಯಿತ ಮತದಾರರ ಲೆಕ್ಕದಲ್ಲಿ ಎರಡು ಸಲವೂ ಅದು ಶೇ 9. ಇದರ ತದ್ವಿರುದ್ಧವೂ ಉಂಟು: 2025ರಲ್ಲಿ ಜರ್ಮನಿಯ ಮತದಾನ ಶೇ 82.5ಕ್ಕೆ ಏರಿತು, 1990ರ ಏಕೀಕರಣದ ನಂತರ ಅಷ್ಟು ಎಂದೂ ಆಗಿರಲಿಲ್ಲ. ಹಿಂದೆ ಮನೆಯಲ್ಲೇ ಕುಳಿತಿದ್ದವರಲ್ಲಿ ಬಹಳ ಮಂದಿ ಎಎಫ್‌ಡಿಯ ಕಡೆಗೆ ಬಂದರೆಂದು ಮತದಾನೋತ್ತರ ಸಮೀಕ್ಷೆಗಳು ತೋರಿಸಿದವು. ಎರಡೂ ಛೇದಗಳಲ್ಲಿ, ಅಂದರೆ ಮಾನ್ಯ ಮತಗಳಲ್ಲಿಯೂ ನೋಂದಾಯಿತ ಮತದಾರರಲ್ಲಿಯೂ, ಲೆಕ್ಕ ಹಾಕಿ ಎರಡು ಕಾಲಂಗಳನ್ನು ಇಟ್ಟುಕೊಳ್ಳಿ.

ಛೇದದಲ್ಲಿ ಯಾರಿಗೆ ಸ್ಥಳವಿದೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಸ್ಪೇನಿನ ದಕ್ಷಿಣದ ಎಲ್ ಎಹಿಡೋ ಎಂಬ ಊರಿನ ಸುತ್ತ ಪ್ಲಾಸ್ಟಿಕ್ ಹೊದಿಕೆಯ ತರಕಾರಿ ತೋಟಗಳು ಹಬ್ಬಿವೆ, ಅಲ್ಲಿ ದುಡಿಯುವವರಲ್ಲಿ ಬಹಳ ಮಂದಿ ಮೊರಾಕ್ಕೊದಿಂದ ಬಂದವರು. 2018ರ ಡಿಸೆಂಬರಿನಲ್ಲಿ ನಡೆದ ಆಂಡಲೂಸಿಯಾ ಪ್ರಾಂತೀಯ ಚುನಾವಣೆಯಲ್ಲಿ ಆ ಊರಿನಲ್ಲಿ ತೀವ್ರ ಬಲಪಂಥದ ವೋಕ್ಸ್ ಪಕ್ಷ ಮೊದಲ ಸ್ಥಾನಕ್ಕೆ ಬಂತು. ಪೌರತ್ವವಿಲ್ಲದ ಆ ದುಡಿಮೆಗಾರರು ಜನಸಂಖ್ಯೆಯ ಕಾಲಮಿನಲ್ಲಿದ್ದಾರೆ, ಮತದಾರರ ಕಾಲಮಿನಲ್ಲಿ ಇಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ. ಕಾಮನ್‌ವೆಲ್ತ್ ದೇಶಗಳ ಪೌರರಿಗೆ ಅಲ್ಲಿ ಮತದ ಹಕ್ಕಿರುವುದರಿಂದ, ಹುಬ್ಬಳ್ಳಿಯಿಂದ ಹೋಗಿ ಲಂಡನ್ನಿನಲ್ಲಿ ನೆಲೆಸಿದವನು ಭಾರತದ ಪಾಸ್‌ಪೋರ್ಟನ್ನು ಕಿಸೆಯಲ್ಲಿಟ್ಟುಕೊಂಡೇ, ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೇ ಬಿಡಬೇಕೇ ಎಂಬ 2016ರ ಜನಮತಗಣನೆಯಲ್ಲಿ ಮತ ಹಾಕಬಹುದಾಗಿತ್ತು. ಅದೇ ಊರಿನಲ್ಲಿದ್ದ ಪೋಲೆಂಡಿನ ಪೌರನಿಗೆ ಆ ಅವಕಾಶ ಇರಲಿಲ್ಲ.

ವಲಸಿಗರ ನಕಾಶೆಯನ್ನು ಮೇಲೆ ಹೊದಿಸುವ ಮುನ್ನ

ಈಗ ಬರುವುದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ತೀವ್ರ ಬಲಪಂಥದ ಮುಖ್ಯ ಮಾತು ವಲಸೆಯಾದ್ದರಿಂದ, ವಲಸಿಗರು ಹೆಚ್ಚಿರುವ ಕಡೆ ಆ ಪಕ್ಷಕ್ಕೆ ಮತ ಹೆಚ್ಚು ಎಂದು ಊಹಿಸುವುದು ಸಹಜ. ಎರಡು ನಕಾಶೆಗಳನ್ನು ಒಂದರ ಮೇಲೊಂದು ಇಟ್ಟರೆ ಅನೇಕ ಸಲ ತಿರುಗುಮುರುಗು ಕಾಣುತ್ತದೆ. ಪೂರ್ವ ಜರ್ಮನಿಯಲ್ಲಿ ವಿದೇಶಿಯರ ಪ್ರಮಾಣ ಪಶ್ಚಿಮಕ್ಕಿಂತ ಕಡಿಮೆ. 2022ರ ಫ್ರೆಂಚ್ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ತೀವ್ರ ಬಲಪಂಥದ ನಾಯಕಿ ಮರೀನ್ ಲೆ ಪೆನ್ ಅವರಿಗೆ ದೇಶದಲ್ಲಿ ಶೇ 23ರಷ್ಟು ಮತ ಬಂದರೆ, ಹಲವು ದೇಶಗಳ ಜನ ತುಂಬಿದ ಪ್ಯಾರಿಸ್ ನಗರದಲ್ಲಿ ಬಂದದ್ದು ಶೇ 6ಕ್ಕಿಂತ ಕಡಿಮೆ. ಇದನ್ನು ನೋಡಿದ ಕೂಡಲೇ ‘ವಲಸಿಗರೊಡನೆ ಬಾಳಿದವರಿಗೆ ಭಯ ಹೋಗುತ್ತದೆ’ ಎಂದು ಬರೆಯುವವರಿದ್ದಾರೆ. ಹಾಗೆ ಇರಲೂಬಹುದು. ಆದರೆ ನಕಾಶೆ ಅದನ್ನು ಹೇಳಿಲ್ಲ.

ಏಕೆ ಹೇಳಿಲ್ಲ ಎಂಬುದಕ್ಕೆ 1950ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಎಂಬ ಸಮಾಜವಿಜ್ಞಾನಿ ತೋರಿಸಿದ ಉದಾಹರಣೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆ ಕೈಯಾರೆ ಬರೆದು ನೋಡಬೇಕು. 1930ರ ಅಮೆರಿಕದ ಜನಗಣತಿಯಲ್ಲಿ, ವಿದೇಶದಲ್ಲಿ ಹುಟ್ಟಿದವರು ಹೆಚ್ಚಿರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ರಾಜ್ಯಗಳ ಮಟ್ಟದಲ್ಲಿ ಸಹಸಂಬಂಧ ಸುಮಾರು ಋಣ 0.53. ಆದರೆ ಒಬ್ಬೊಬ್ಬ ವ್ಯಕ್ತಿಯ ಮಟ್ಟದಲ್ಲಿ ಲೆಕ್ಕ ಹಾಕಿದಾಗ ಅದು ಧನ 0.12, ಅಂದರೆ ವಿದೇಶದಲ್ಲಿ ಹುಟ್ಟಿದವರಲ್ಲೇ ಅನಕ್ಷರತೆ ಸ್ವಲ್ಪ ಹೆಚ್ಚು. ವಿರೋಧವೇನೂ ಇಲ್ಲ. ವಲಸಿಗರು ನೆಲೆಯೂರಿದ್ದು ಕೆಲಸ ಸಿಗುವ, ಸ್ಥಳೀಯರು ಓದುಬರಹ ಕಲಿತಿದ್ದ ರಾಜ್ಯಗಳಲ್ಲಿ. ಊರಿನ ಗುಣವನ್ನು ಊರಿನಲ್ಲಿರುವ ಮನುಷ್ಯನ ಗುಣವೆಂದು ಬಗೆಯುವ ಈ ತಪ್ಪು ನಮ್ಮ ಚುನಾವಣಾ ವಿಶ್ಲೇಷಣೆಗಳಲ್ಲಿ ದಿನವೂ ನಡೆಯುತ್ತದೆ: ‘ಆ ಸಮುದಾಯ ಹೆಚ್ಚಿರುವ ಬೂತಿನಲ್ಲಿ ಇಷ್ಟು ಮತ ಬಿದ್ದಿದೆ, ಆದ್ದರಿಂದ ಆ ಸಮುದಾಯ ಹಾಕಿದೆ’ ಎಂಬ ತರ್ಕಕ್ಕೂ ಇದಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಪ್ಯಾರಿಸ್ಸಿನಲ್ಲಿ ವಲಸಿಗರ ಜೊತೆಗೆ ಪದವೀಧರರೂ ಯುವಕರೂ ದುಬಾರಿ ಬಾಡಿಗೆ ಕೊಡಬಲ್ಲವರೂ ಇದ್ದಾರೆ. ಮತದ ಪ್ರಮಾಣ ತಗ್ಗಲು ಅವರಲ್ಲಿ ಯಾರು ಕಾರಣ ಎಂಬುದನ್ನು ಬಣ್ಣ ಹೇಳಲಾರದು.

ಹಾಗೆಂದು ಸ್ಥಳದ ಅಂಕಿಗಳು ನಿರುಪಯುಕ್ತವಲ್ಲ, ಪ್ರಶ್ನೆಯನ್ನು ಸರಿಪಡಿಸಿಕೊಳ್ಳಬೇಕು ಅಷ್ಟೆ. ಎಷ್ಟು ವಲಸಿಗರಿದ್ದಾರೆ ಎಂದು ಕೇಳುವುದರ ಜೊತೆಗೆ ಎಷ್ಟು ಬೇಗ ಬಂದರು ಎಂದು ಕೇಳಿ. ಇಂಗ್ಲೆಂಡಿನ ಲಿಂಕನ್‌ಶೈರ್ ಸೀಮೆಯ ಬಾಸ್ಟನ್, ತರಕಾರಿ ಬೆಳೆಯುವ ಸಪಾಟು ನೆಲದ ಒಂದು ಪೇಟೆ. 2001 ಮತ್ತು 2011ರ ಜನಗಣತಿಗಳ ನಡುವೆ ಪೂರ್ವ ಯುರೋಪಿನಿಂದ ಬಂದ ಕೃಷಿ ಕಾರ್ಮಿಕರಿಂದಾಗಿ ಅಲ್ಲಿ ವಿದೇಶದಲ್ಲಿ ಹುಟ್ಟಿದವರ ಸಂಖ್ಯೆ ಹಲವು ಪಟ್ಟು ಏರಿತು. 2016ರ ಜನಮತಗಣನೆಯಲ್ಲಿ ಯುರೋಪಿಯನ್ ಒಕ್ಕೂಟವನ್ನು ಬಿಡಬೇಕೆಂದು ಅಲ್ಲಿ ಶೇ 75.6ರಷ್ಟು ಜನ ಹೇಳಿದರು, ಇಡೀ ದೇಶದಲ್ಲಿ ಅದೇ ಅತಿ ಹೆಚ್ಚು. ಅದಕ್ಕಿಂತ ಬಹಳ ಹೆಚ್ಚು ವಲಸಿಗರಿರುವ, ಆದರೆ ಅವರು ತಲೆಮಾರುಗಳಿಂದ ನೆಲೆಸಿರುವ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಶೇ 78.6ರಷ್ಟು ಜನ ಉಳಿಯಬೇಕೆಂದರು. ಜನಮತಗಣನೆ ಪಕ್ಷದ ಮತವಲ್ಲ, ಎರಡನ್ನೂ ಬೆರೆಸಬಾರದು; ಆದರೂ 2024ರಲ್ಲಿ ವಲಸೆಯನ್ನು ವಿರೋಧಿಸುವ ರಿಫಾರ್ಮ್ ಯುಕೆ ಪಕ್ಷ ಗೆದ್ದ ಐದು ಕ್ಷೇತ್ರಗಳಲ್ಲಿ ಬಾಸ್ಟನ್ ಸೇರಿದ ಕ್ಷೇತ್ರವೂ ಒಂದಾಗಿತ್ತು ಎಂಬುದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಬಹುದು.

ಪಕ್ಕದ ಊರನ್ನೂ ನೋಡಿ. ವಲಸಿಗರ ಬಡಾವಣೆಯೊಳಗೆ ಅಲ್ಲ, ಅದನ್ನು ಸುತ್ತುವರಿದ ಬಡಾವಣೆಗಳಲ್ಲಿ ತೀವ್ರ ಬಲಪಂಥದ ಮತ ಏರುವುದನ್ನು ಫ್ರೆಂಚ್ ಸಂಶೋಧಕರು ಗುರುತಿಸಿ, ಚಂದ್ರನ ಸುತ್ತ ಕಾಣುವ ಬೆಳಕಿನ ಬಳೆಗೆ ಹೋಲಿಸಿದ್ದಾರೆ. ದಿನವೂ ಬಂದುಹೋಗುವವರನ್ನೂ ಮರೆಯಬಾರದು. 2014ರ ಫೆಬ್ರುವರಿಯಲ್ಲಿ ಸ್ವಿಸ್ ಪೀಪಲ್ಸ್ ಪಾರ್ಟಿ ತಂದ ವಲಸೆ ನಿಯಂತ್ರಣದ ಪ್ರಸ್ತಾವ ಶೇ 50.3ರಷ್ಟು ಮತದಿಂದ ಗೆದ್ದಾಗ, ವಿದೇಶಿಯರು ಹೆಚ್ಚಿರುವ ಜಿನೀವಾ, ಬಾಸೆಲ್ ನಗರ, ಜೂರಿಕ್ ಕ್ಯಾಂಟನ್‌ಗಳು (ಸ್ವಿಟ್ಜರ್ಲೆಂಡಿನ ರಾಜ್ಯಗಳು) ಅದನ್ನು ತಿರಸ್ಕರಿಸಿದ್ದವು. ಇಟಲಿಯ ಗಡಿಯ ಟಿಚಿನೋ ಶೇ 68ರಷ್ಟು ಬೆಂಬಲಿಸಿತ್ತು. ಅಲ್ಲಿನ ದೊಡ್ಡ ದೂರು ಇದ್ದದ್ದು ಬೆಳಿಗ್ಗೆ ಇಟಲಿಯಿಂದ ಬಂದು ದುಡಿದು ಸಂಜೆ ಮರಳುವ ಹತ್ತಾರು ಸಾವಿರ ಕೆಲಸಗಾರರ ಬಗ್ಗೆ. ಅವರು ಅಲ್ಲಿನ ನಿವಾಸಿಗಳಲ್ಲ, ನಿವಾಸಿಗಳ ಕಾಲಮಿನಲ್ಲಿ ಸಿಗುವುದೂ ಇಲ್ಲ. ಗದಗಿನಿಂದ ಬೆಳಗಿನ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ಸಂಜೆ ಮರಳುವವರು ಹುಬ್ಬಳ್ಳಿಯ ಜನಗಣತಿಯಲ್ಲಿ ಸಿಗುತ್ತಾರೆಯೇ?

ಒಂದೇ ಬಣ್ಣ, ಬೇರೆ ಬೇರುಗಳು

ಚುನಾವಣಾ ಭೂಗೋಳದ ಆರಂಭದಲ್ಲೇ, 1913ರಲ್ಲಿ, ಪಶ್ಚಿಮ ಫ್ರಾನ್ಸನ್ನು ಅಧ್ಯಯನ ಮಾಡಿದ ವಿದ್ವಾಂಸರೊಬ್ಬರು ಗ್ರಾನೈಟ್ ನೆಲ ಬಲಕ್ಕೂ ಸುಣ್ಣಕಲ್ಲಿನ ನೆಲ ಎಡಕ್ಕೂ ವಾಲುವುದನ್ನು ತೋರಿಸಿದ್ದರು. ನವಲಗುಂದದ ಎರೆ, ಕಲಘಟಗಿಯ ಅರೆಮಲೆನಾಡು ನೋಡಿದವರಿಗೆ ಈ ಮಾತು ಕೇಳಿದೊಡನೆ ಕಿವಿ ನಿಮಿರುತ್ತದೆ. ಅವರು ಹೇಳಿದ್ದು ಕಲ್ಲು ಮತ ಹಾಕುತ್ತದೆಂದಲ್ಲ. ನೆಲದಿಂದ ನೀರು, ನೀರಿನಿಂದ ಮನೆಗಳ ಹರಹು, ಅದರಿಂದ ಭೂ ಒಡೆತನ ಮತ್ತು ಪಾದ್ರಿಗಳ ಹಿಡಿತ, ಹೀಗೆ ಕೊಂಡಿಗಳ ಸರಪಳಿಯನ್ನು. ಆ ಕೊಂಡಿಗಳನ್ನು ಒಂದೊಂದಾಗಿ ತೋರಿಸಲಾರದವರು ನಕಾಶೆಯಿಂದ ಕಾರಣವನ್ನು ಎತ್ತಬಾರದು.

ಫ್ರಾನ್ಸಿನಲ್ಲಿ ಲೆ ಪೆನ್ ಅವರ ಪಕ್ಷವಾದ ನ್ಯಾಷನಲ್ ಫ್ರಂಟ್ (2018ರಿಂದ ನ್ಯಾಷನಲ್ ರ‍್ಯಾಲಿ) ನಕಾಶೆಯಲ್ಲಿ ಎರಡು ಕಡೆ ಬಣ್ಣ ಗಾಢವಾಗಿದೆ. ಮೆಡಿಟರೇನಿಯನ್ ತೀರದಲ್ಲಿ 1962ರಲ್ಲಿ ಆಲ್ಜೀರಿಯಾ ಸ್ವತಂತ್ರವಾದಾಗ ಮರಳಿದ ಲಕ್ಷಾಂತರ ಯುರೋಪಿಯನ್ನರಲ್ಲಿ ಬಹಳ ಮಂದಿ ನೆಲೆಸಿದರು. ಅಲ್ಲಿನ ಟೂಲೋನ್, ಒರಾಂಜ್, ಮಾರಿನ್ಯಾನ್ ನಗರಸಭೆಗಳನ್ನು ಪಕ್ಷ 1995ರಲ್ಲೇ ಗೆದ್ದಿತ್ತು. ಉತ್ತರದ ಕಲ್ಲಿದ್ದಲ ಸೀಮೆಯಲ್ಲಿ ಕೊನೆಯ ಗಣಿ ಮುಚ್ಚಿದ್ದು 1990ರ ಡಿಸೆಂಬರಿನಲ್ಲಿ; ದಶಕಗಳ ಕಾಲ ಎಡಪಕ್ಷಗಳ ಕೋಟೆಯಾಗಿದ್ದ ಆ ಸೀಮೆಯ ಎನಾಂ-ಬೋಮಾಂ ಪಟ್ಟಣ 2014ರಲ್ಲಿ ಪಕ್ಷದ ಕೈಗೆ ಬಂತು. ತೀರದಲ್ಲಿ ಅಂಗಡಿಕಾರರು, ನಿವೃತ್ತರು, ತೆರಿಗೆಯ ದೂರು. ಉತ್ತರದಲ್ಲಿ ಹೋದ ಕೆಲಸ ಮತ್ತು ಸರ್ಕಾರ ಕೈ ಹಿಡಿಯಲಿ ಎಂಬ ಕೇಳಿಕೆ. ನಿರುದ್ಯೋಗದಂಥ ಅಂಕಿಗಳಿಂದ ಪಕ್ಷದ ಪಾಲನ್ನು ಅಂದಾಜು ಮಾಡುವ ಒಂದೇ ಸರಾಸರಿ ಸಮೀಕರಣವನ್ನು ಇಡೀ ದೇಶಕ್ಕೆ ಹಾಕಿದರೆ ಎರಡೂ ಒಂದನ್ನೊಂದು ಅಳಿಸಿ ‘ನಿರುದ್ಯೋಗಕ್ಕೆ ಪರಿಣಾಮವಿಲ್ಲ’ ಎಂಬ ಉತ್ತರ ಬರಬಹುದು. ಪ್ರದೇಶಗಳನ್ನು ಬೇರ್ಪಡಿಸಿ ಲೆಕ್ಕ ಮಾಡಿ.

ಪೂರ್ವ ಜರ್ಮನಿಯ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಸೇರುತ್ತದೆ: ಊರು ಬಿಟ್ಟವರು ಯಾರು? 1990ರ ನಂತರ ಅಲ್ಲಿಂದ ಪಶ್ಚಿಮಕ್ಕೆ ಹೋದವರಲ್ಲಿ ಯುವಜನರು, ಅದರಲ್ಲೂ ಯುವತಿಯರು ಹೆಚ್ಚು. ಜರ್ಮನಿಯಲ್ಲಿ ಮತದಾರರ ಪಟ್ಟಿ ನಿವಾಸದ ನೋಂದಣಿಯಿಂದಲೇ ತಯಾರಾಗುವುದರಿಂದ, ಊರು ಬಿಟ್ಟವರ ಮತವೂ ಊರು ಬಿಡುತ್ತದೆ. ನಮ್ಮಲ್ಲಿ ಬೆಂಗಳೂರಿಗೆ ಹೋದ ಹುಡುಗನ ಹೆಸರು ರೋಣದ ಪಟ್ಟಿಯಲ್ಲೇ ಉಳಿದು, ಮತದಾನದ ಹಿಂದಿನ ರಾತ್ರಿ ಬಸ್ಸು ಹತ್ತಿ ಅವನು ಬರುವುದುಂಟು. ಅಲ್ಲಿ ಆ ಬಸ್ಸಿಲ್ಲ. ಹಾಗಾಗಿ ಒಂದು ಜಿಲ್ಲೆಯಲ್ಲಿ ಪಕ್ಷದ ಪಾಲು ಏರಿದ್ದರಲ್ಲಿ ಉಳಿದವರ ಮನಸ್ಸು ಬದಲಾದದ್ದು ಎಷ್ಟು, ಬೇರೆ ಮನಸ್ಸಿನವರು ಹೊರಟುಹೋದದ್ದು ಎಷ್ಟು ಎಂದು ಬೇರ್ಪಡಿಸಲು ವಯಸ್ಸು, ವಿದ್ಯಾಭ್ಯಾಸ, ಜನಸಂಖ್ಯೆಯ ಏರಿಳಿತಗಳ ಕಾಲಂಗಳನ್ನು ಸಮೀಕರಣದಲ್ಲಿ ಸೇರಿಸಬೇಕು.

ಸೇರಿಸಿದ ಮೇಲೂ ಸಮೀಕರಣ ಹೇಳಿದ್ದಕ್ಕಿಂತ ಹೆಚ್ಚು ಅಥವಾ ಕಡಿಮೆ ಮತ ಬಿದ್ದ ಊರುಗಳು ಉಳಿಯುತ್ತವೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ರುಚಿ ಇರುವುದು ಇಲ್ಲೇ. ಆ ಉಳಿಕೆಗಳ ನಕಾಶೆಯನ್ನು ಬೇರೆಯಾಗಿ ಬಿಡಿಸಿ, ತುತ್ತತುದಿಯ ಐದಾರು ಊರುಗಳನ್ನು ಆರಿಸಿ, ಅಲ್ಲಿನ ಸ್ಥಳೀಯ ಪತ್ರಿಕೆ, ಅಭ್ಯರ್ಥಿ, ಮುಚ್ಚಿದ ಕಾರ್ಖಾನೆ, ಪಕ್ಷದ ಶಾಖೆ ಎಲ್ಲವನ್ನೂ ಹುಡುಕಿ ಓದಿ. 2025ರಲ್ಲಿ ಪಶ್ಚಿಮದಲ್ಲೇ ಇದ್ದರೂ ಎಎಫ್‌ಡಿ ಎರಡನೆಯ ಮತಗಳಲ್ಲಿ ಮೊದಲ ಸ್ಥಾನಕ್ಕೆ ಬಂದ ಗೆಲ್ಸೆನ್‌ಕಿರ್ಹೆನ್ ಮತ್ತು ಕೈಸರ್‌ಸ್ಲೌಟರ್ನ್ ಕ್ಷೇತ್ರಗಳು, ಪೂರ್ವದ ನೀಲಿಯ ನಡುವೆ ಬೇರೆ ಬಣ್ಣದಲ್ಲಿ ಉಳಿದ ಪಾಟ್ಸ್‌ಡಾಮ್ ಮತ್ತು ದಕ್ಷಿಣ ಲೈಪ್ಜಿಗ್, ಇವು ಅಭ್ಯಾಸಕ್ಕೆ ಒಳ್ಳೆಯ ಜೋಡಿಗಳು. ಗೆಲ್ಸೆನ್‌ಕಿರ್ಹೆನ್ ಕಲ್ಲಿದ್ದಲು ಮತ್ತು ಉಕ್ಕಿನ ಊರು, ಬಹುಕಾಲ ಸೋಷಿಯಲ್ ಡೆಮಾಕ್ರಟರ ಮನೆಯಂಗಳ. ಅದು ಪೂರ್ವದ ಊರುಗಳಂತಿದೆಯೋ, ಉತ್ತರ ಫ್ರಾನ್ಸಿನ ಎನಾಂ-ಬೋಮಾಂನಂತಿದೆಯೋ ಎಂದು ಹೋಲಿಸಿ ನೋಡಿ.

ಮತಗಳಿಂದ ಸೀಟುಗಳಿಗೆ

ಸೀಟುಗಳ ನಕಾಶೆಯಿಂದ ಬೆಂಬಲವನ್ನು ಓದಲೇಬಾರದು. 2015ರಲ್ಲಿ ಯುರೋಪಿಯನ್ ಒಕ್ಕೂಟವನ್ನು ಬಿಡಬೇಕೆನ್ನುತ್ತಿದ್ದ ಬ್ರಿಟನ್ನಿನ ಯುಕೆಐಪಿ ಪಕ್ಷ ಶೇ 12.6 ಮತ ಪಡೆದು ಗೆದ್ದದ್ದು ಒಂದು ಸೀಟು, ಶೇ 4.7 ಪಡೆದ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ 56, ಏಕೆಂದರೆ ಅದರ ಮತಗಳೆಲ್ಲ ಸ್ಕಾಟ್ಲೆಂಡಿನಲ್ಲೇ ಗುಂಪಾಗಿದ್ದವು. 2024ರಲ್ಲಿ ರಿಫಾರ್ಮ್ ಯುಕೆ ಶೇ 14.3ಕ್ಕೆ 5, ಲಿಬರಲ್ ಡೆಮಾಕ್ರಟರು ಶೇ 12.2ಕ್ಕೆ 72. ಫ್ರಾನ್ಸಿನಲ್ಲಿ ಅದೇ ವರ್ಷ ನ್ಯಾಷನಲ್ ರ‍್ಯಾಲಿ ಮತ್ತು ಅದರ ಮಿತ್ರರು ಮೊದಲ ಸುತ್ತಿನಲ್ಲಿ ಶೇ 33ರಷ್ಟು ಮತದೊಡನೆ ಮುಂದಿದ್ದು, ಉಳಿದವರು ಕ್ಷೇತ್ರಕ್ಷೇತ್ರಗಳಲ್ಲಿ ಹಿಂದೆ ಸರಿದು ಒಬ್ಬರಿಗೊಬ್ಬರು ದಾರಿ ಬಿಟ್ಟಿದ್ದರಿಂದ ಎರಡನೆಯ ಸುತ್ತಿನ ನಂತರ ಸೀಟುಗಳಲ್ಲಿ ಮೂರನೆಯ ಸ್ಥಾನಕ್ಕಿಳಿದರು. ಎರಡು ಸುತ್ತಿನ ದೇಶಗಳಲ್ಲಿ ಮೊದಲ ಸುತ್ತಿನ ನಕಾಶೆಯನ್ನೇ ಆಧಾರವಾಗಿ ಇಟ್ಟುಕೊಳ್ಳಿ.

ಈ ಕ್ರಮವನ್ನು ಮೊದಲು ನಮ್ಮ ಊರಿನ ಮೇಲೆ ಅಭ್ಯಾಸ ಮಾಡಬಯಸುವವರಿಗೆ ಬೂತುವಾರು ನಮೂನೆ 20 ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಒಂದು ಬೂತಿನಲ್ಲಿ ಇರುವವರು ಸಾವಿರದ ಆಸುಪಾಸಿನ ಮತದಾರರು, ಹಳ್ಳಿಗಳಲ್ಲಿ ಆ ಬೂತು ಯಾವ ಓಣಿಯದೆಂದು ಎಲ್ಲರಿಗೂ ಗೊತ್ತು. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸುವ ಟೋಟಲೈಜರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಪ್ರಸ್ತಾಪಿಸಿದ್ದು ಈ ಭಯದಿಂದಲೇ. ಬೂತಿನ ಅಂಕಿಯನ್ನು ಲೆಕ್ಕಕ್ಕೆ ಬಳಸಿ. ಓಣಿಯ ಹೆಸರಿನೊಡನೆ ಪ್ರಕಟಿಸಬೇಡಿ.

ಕೊನೆಗೆ ನಕಾಶೆಯ ಅಡಿಬರಹ. ಅದರಲ್ಲಿ ಚುನಾವಣೆಯ ದಿನಾಂಕ, ಘಟಕ, ಯಾವ ಮತ, ಛೇದ ಯಾವುದು, ಅಂಚೆ ಮತ ಸೇರಿದೆಯೇ ಎಂಬುದೆಲ್ಲ ಇರಬೇಕು, ಮತ್ತು ವಾಕ್ಯದ ಕರ್ತೃ ಮತದಾರನಾಗಿರದೆ ಸ್ಥಳವಾಗಿರಬೇಕು. ಮೊದಲು ಹೇಳಿದ ವಿದ್ಯಾರ್ಥಿ ಎರಡು ವಾರ ಕುಳಿತು ತನ್ನ ನಕಾಶೆಯನ್ನು ತಾನೇ ಹೊಸದಾಗಿ ಬಿಡಿಸಿದ. ಅದರ ಕೆಳಗೆ ಅವನು ಬರೆದದ್ದು ಹೀಗಿತ್ತು: ‘2025ರ ಫೆಬ್ರುವರಿ 23ರ ಜರ್ಮನಿ ಸಂಸತ್ ಚುನಾವಣೆ, 299 ಕ್ಷೇತ್ರಗಳು, ಮಾನ್ಯವಾದ ಎರಡನೆಯ ಮತಗಳಲ್ಲಿ ಎಎಫ್‌ಡಿಯ ಪಾಲು, ಅಂಚೆ ಮತ ಸೇರಿದೆ. ಪೂರ್ವದ ಕ್ಷೇತ್ರಗಳಲ್ಲಿ ಪಾಲು ಹೆಚ್ಚು. ಮತಗಳ ಸಂಖ್ಯೆ ಪಶ್ಚಿಮದಲ್ಲಿ ಹೆಚ್ಚು, ಅದಕ್ಕೆ ಪಕ್ಕದ ನಕಾಶೆಯನ್ನು ನೋಡಿರಿ.’ ಪಕ್ಕದ ನಕಾಶೆಯಲ್ಲಿ ಅವನು ಕ್ಷೇತ್ರಗಳಿಗೆ ಬಣ್ಣ ತುಂಬಿರಲಿಲ್ಲ, ಹತ್ತು ಸಾವಿರ ಮತಕ್ಕೆ ಒಂದರಂತೆ ಚುಕ್ಕೆ ಇಟ್ಟಿದ್ದ.